ಗಿಡದ ಪಕ್ಕದ ಹಾಲಿ ರೂಪಾಯಿ

ಹೋದ ತಿಂಗಳು ಗದಗಿನ ಒಂದು ಸಭೆಯಲ್ಲಿ ದಿವಂಗತ ವಾಸುದೇವರಾಯ ಮಾಸ್ತರರ ಭಾವಚಿತ್ರಕ್ಕೆ ಹಾರ ಹಾಕಿದರು. ಮಾತಾಡಿದವರೆಲ್ಲ ಹೇಳಿದ್ದು ಒಂದೇ: ಕಪ್ಪತಗುಡ್ಡದ ವಿಚಿತ್ರ ಗಿಡಗಳನ್ನು ಮೊಟ್ಟಮೊದಲು ಕ್ಯಾಮರಾದಲ್ಲಿ ಹಿಡಿದ ಪುಣ್ಯಾತ್ಮ ಇವರು. ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಚಹಾ ಕೊಟ್ಟರು, ಕುಡಿಯಲಿಲ್ಲ.

ರಾಯರು ಒಂದೇ ಒಂದು ಗಿಡದ ಫೋಟೋವನ್ನೂ ತೆಗೆದವರಲ್ಲ. ಕ್ಯಾಮರಾದ ಮುಂದು ಯಾವುದು ಹಿಂದು ಯಾವುದು ಅವರಿಗೆ ತಿಳಿದಿರಲಿಲ್ಲ. ಆ ಚಿತ್ರಗಳನ್ನು ತೆಗೆದವಳು ಬೆಟಗೇರಿಯ ಮಾಸುಮಬಿ. ಕದ್ದದ್ದು ಬರೀ ಚಿತ್ರವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ, ಕಳ್ಳತನಕ್ಕೆ ನಮ್ಮ ಊರಲ್ಲಿ ಎಂದೂ ಬರ ಬಿದ್ದಿಲ್ಲ. ಆದರೆ ಇಲ್ಲಿ ಒಬ್ಬ ಮನುಷ್ಯನ ಮಾನ ಹೋಗಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಹಾಗೆ ಹೇಳುವವರು ಸತ್ತವರ ಮನೆಯವರು, ಶಿಷ್ಯರು, ಸಭೆಗೆ ಚಂದಾ ಎತ್ತುವವರು. ಸತ್ತವರ ಕೈಯಲ್ಲಿ ಪೆಟ್ಟು ತಿಂದವರು ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಮಾಸುಮಬಿ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಆಗಿನ್ನೂ ಅದು ಮಿರಜ ಸಂಸ್ಥಾನದ ಊರು. ಮದುವೆಯಾದದ್ದು ಅಬ್ದುಲಗನಿ ಎಂಬ ಫೋಟೋಗ್ರಾಫರನನ್ನು. ಹುಬ್ಬಳ್ಳಿಯಲ್ಲಿ ಕಸುಬು ಕಲಿತ ಗನಿ ಗದಗಿನ ಸ್ಟೇಶನ್ ರಸ್ತೆಯಲ್ಲಿ ಒಂದು ಸ್ಟುಡಿಯೋ ಹಾಕಿದ್ದ. ಮೃದು ಮಾತಿನ, ಇಸ್ತ್ರಿ ತಪ್ಪದ ಶೇರವಾನಿಯ ಮನುಷ್ಯ. ಗಂಡಸರು ಬಂದು ಕುರ್ಚಿಯಲ್ಲಿ ಕೂತು ಮೀಸೆ ತೀಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೆಂಗಸರು ಬರುತ್ತಿರಲಿಲ್ಲ. ಪರ ಗಂಡಸು ಕಪ್ಪು ಬಟ್ಟೆ ಹೊದ್ದು ಪೆಟ್ಟಿಗೆಯ ಕಣ್ಣಿನಿಂದ ನೋಡುವಾಗ ಎದುರು ಕೂಡ್ರುವ ಹೆಣ್ಣುಮಕ್ಕಳು ಆಗ ಈ ಸೀಮೆಯಲ್ಲಿ ಯಾವ ಜಾತಿಯಲ್ಲೂ ಇರಲಿಲ್ಲ. ಅದಕ್ಕೇ ಗನಿ ಹೆಂಡತಿಗೆ ಕಸುಬು ಕಲಿಸಿದ. ಟಾಂಗಾದಲ್ಲಿ ಕ್ಯಾಮರಾ ಇಟ್ಟುಕೊಂಡು, ಬುರ್ಖಾ ತೊಟ್ಟು, ಮಾಸುಮಬಿ ಮನೆಮನೆಯ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಅತ್ತೆ, ಸೊಸೆ, ಬಾಣಂತಿ, ಕನ್ಯೆ ಎಲ್ಲರ ಫೋಟೋ ತೆಗೆದಳು. ಆಮೇಲೆ ಬೆಟಗೇರಿಯ ಮನೆಯ ಕಿಟಕಿಯ ಬೆಳಕಿಗೆ ಚಿತ್ರ ಮೂಡಿದ ಗಾಜಿನ ಪ್ಲೇಟು ಹಿಡಿದು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖ ತಿದ್ದುವ ಕೆಲಸ. ಸಿಡುಬಿನ ಕಲೆ ಅಳಿಸು, ಮೂಗು ಸಣ್ಣ ಮಾಡು, ಕನ್ಯೆಯನ್ನು ಬೆಳ್ಳಗೆ ಮಾಡು.

"ಯಾರ ಮುಖಾನೂ ಇದ್ದಂಗ ಕೊಟ್ಟರ ತಗೋತಿರಲಿಲ್ಲಪಾ," ಎಂದು ಮುಪ್ಪಿನಲ್ಲಿ ನನಗೆ ಹೇಳಿದಳು. "ಗಿಡ ಮಾತ್ರ ಹಂಗ ಕೇಳಲಿಲ್ಲ."

ಗಿಡಗಳ ಹುಚ್ಚು ಹತ್ತಿದ್ದು ಶಿರಹಟ್ಟಿಯಲ್ಲಿ. ಅಲ್ಲಿಗೆ ಕೊಟ್ಟ ಅಕ್ಕನ ಬಾಣಂತನಕ್ಕೆ ಹೋದವಳು ಮಳೆಗಾಲದ ಒಂದು ದಿನ ಮನೆಯವರ ಜೊತೆ ಗುಡ್ಡದ ಬುಡದ ದರ್ಗಾಕ್ಕೆ ಹೋದಳು. ಎಲ್ಲಿಂದಲೋ ಸತ್ತ ಇಲಿಯ ವಾಸನೆ. ಹುಡುಕಿದರೆ ಇಲಿ ಇಲ್ಲ. ಕಲ್ಲುಗಳ ನಡುವೆ ಎಲೆಯೇ ಇಲ್ಲದ, ನಾಲ್ಕು ಮೂಲೆಯ, ಹಲ್ಲುಹಲ್ಲಾದ ಒಂದು ಕಾಂಡ. ಅದರ ತುದಿಯಲ್ಲಿ ಕರುಳಿನ ಬಣ್ಣದ ಹೂಗಳ ಗೊಂಚಲು. ಹೆಣ ಎಂದುಕೊಂಡು ನೊಣ ಮುತ್ತಿದ್ದವು. ಜೊತೆಯವರು ಮೂಗು ಮುಚ್ಚಿಕೊಂಡು ಓಡಿದರೆ ಈಕೆ ಅಲ್ಲೇ ಕೂತಳು. ಮುಂದಿನ ಸಲ ಬಂದಾಗ ಕ್ಯಾಮರಾ ತಂದಳು. ಗನಿ ನಕ್ಕನೇ ಹೊರತು ಬೇಡ ಎನ್ನಲಿಲ್ಲ. ಉಳಿದ ಪ್ಲೇಟು ಒಯ್ಯಿ ಎಂದ.

ಗುಡ್ಡದಲ್ಲಿ ಆಕೆಗೆ ಸಿಕ್ಕವಳು ಆಡು ಕಾಯುವ ಶಂಕ್ರೆವ್ವ. ಮಾಸುಮಬಿ ಮೊಣಕಾಲೂರಿ, ಬುರ್ಖಾವನ್ನೇ ತಲೆಯ ಮೇಲಿಂದ ಕ್ಯಾಮರಾಕ್ಕೆ ಹೊದಿಸಿ, ಗಿಡಕ್ಕೆ ಬಾಗಿ ಕೂತದ್ದನ್ನು ನೋಡಿ ಶಂಕ್ರೆವ್ವ ದೂರದಿಂದಲೇ ಕೂಗಿದಳಂತೆ:

"ಏನಬೇ ಯವ್ವಾ, ಗಿಡಕ್ಕ ನಮಾಜ ಮಾಡಾಕತ್ತೀಯೇನು?"

"ಫೋಟೋ ತಗ್ಯಾಕತ್ತೇನಿ."

"ಗಿಡದ್ದು? ಯಾಕ, ಅದಕ್ಕ ಲಗ್ನ ಗೊತ್ತಾಗೇತೇನು?"

ಹತ್ತಿರ ಬಂದು ನೋಡಿದವಳು ಗಂಭೀರಳಾದಳು. ನಮ್ಮ ಕಡೆ ಎಳೆಗಾಯಿಗೆ ಬೆರಳು ಮಾಡಿ ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ, ಮರೆತು ತೋರಿಸಿದರೆ ಆ ಬೆರಳು ಕಚ್ಚಿಕೊಳ್ಳಬೇಕು ಎನ್ನುತ್ತಾರಲ್ಲ, ಅದೇ ತಕರಾರು.

"ನಾ ಎಲ್ಲಿ ಬೆರಳ ತೋರಿಸೇನಿ?" ಎಂದಳು ಮಾಸುಮಬಿ.

"ಆ ಪೆಟಗಿ ಮೂತಿ ಮಾಡಿ ತೋರಿಸಿತಲ್ಲ. ಕಡಿ ಅದರ ಮೂತಿ."

ಮಾಸುಮಬಿ ನಗುತ್ತ ಕ್ಯಾಮರಾದ ಕಟ್ಟಿಗೆಯ ಅಂಚಿಗೆ ಹಲ್ಲು ತಾಗಿಸಿದಳು. ಶಂಕ್ರೆವ್ವನಿಗೆ ಸಮಾಧಾನವಾಯಿತು. ಬುರ್ಖಾದೊಳಗೆ ತಲೆ ತೂರಿಸಿ ಗಾಜಿನ ಮೇಲೆ ನೋಡಿದಳು. ತನ್ನ ಆಡುಗಳೆಲ್ಲ ಆಕಾಶದಲ್ಲಿ ಕಾಲು ಮೇಲೆ ಮಾಡಿಕೊಂಡು ಮೇಯುತ್ತಿದ್ದವು. ಹೊರಗೆ ಬಂದು ಮೊದಲು ಆಡುಗಳನ್ನು ಎಣಿಸಿಕೊಂಡಳು, ಆಮೇಲೆ ನಕ್ಕಳು. ಅಂದಿನಿಂದ ಇಬ್ಬರಿಗೂ ದೋಸ್ತಿ. ಕಪ್ಪತಗುಡ್ಡದ ಗಾಳಿ ಹೂವನ್ನು ಒಂದು ಗಳಿಗೆ ನಿಲ್ಲಗೊಡುವುದಿಲ್ಲ. ಶಂಕ್ರೆವ್ವ ಕಂಬಳಿ ಹಿಡಿದು ಗಾಳಿಗೆ ಅಡ್ಡ ನಿಲ್ಲುವಳು, ಉಸಿರು ಕೂಡ ಬಿಡದೆ.

ಹೀಗೆ ಸಿಕ್ಕವು ಒಂದೊಂದಾಗಿ. ಕಲ್ಲಿನ ಸಂದಿಯ ಜಿನುಗಿನಲ್ಲಿ ಬೆಳೆದ ಉಗುರಿನಷ್ಟೇ ದೊಡ್ಡ ಗಿಡ, ಅದರ ಕೆಂಪು ಕೂದಲಿನ ತುದಿಯಲ್ಲಿ ಅಂಟಿನ ಹನಿ, ಹನಿಗೆ ಸಿಕ್ಕು ಒದ್ದಾಡುವ ಗುಂಗಾಡು ಹುಳ. ಬೇರಿಲ್ಲದೆ ಎಲೆಯಿಲ್ಲದೆ ಇಡೀ ಪೊದೆಯನ್ನು ಹಳದಿ ಎಳೆಗಳಿಂದ ಹೆಣೆದು ಕೊಲ್ಲುವ ಅಮರಬಳ್ಳಿ. ಒಣಗಿ ಬಿರಿದಾಗ ಎರಡು ಕರಿಯ ಕೊಕ್ಕೆ ಚಾಚುವ ಹುಲಿಯುಗುರಿನ ಕಾಯಿ. ನೆಲದೊಳಗಿಂದ ಎಲೆಗೂ ಮೊದಲೇ ಎದ್ದು ಹೆಡೆಯೆತ್ತುವ, ಹೆಣದ ವಾಸನೆಯ ಕಾಡು ಸುವರ್ಣಗಡ್ಡೆಯ ಹೂ. ಗಾಜಿನ ಮೇಲೆ ಇವು ಈ ಲೋಕದವು ಎನಿಸುತ್ತಿರಲಿಲ್ಲ. ಕೆಲವನ್ನು ನಾನು ನೋಡಿದ್ದೇನೆ. ನೋಡಿ ಬಂದ ದಿನ ಊಟ ಸೇರಲಿಲ್ಲ.

ಈಗ ರಾಯರ ವಿಷಯಕ್ಕೆ ಬರುತ್ತೇನೆ. ತಲೆಮಾರುಗಳಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ, ತಾವು ಹೈಸ್ಕೂಲು ಮಾಸ್ತರು, ಖಾದಿ, ಕರ್ನಾಟಕ ಏಕೀಕರಣದ ಭಾಷಣ. ಅವರ ಹೆಂಡತಿ ವಿಮಲಾಬಾಯಿಯ ಫೋಟೋ ತೆಗೆಯಲು ಹೋದಾಗ ಮಾಸುಮಬಿಯ ಚೀಲದಲ್ಲಿದ್ದ ಗಿಡದ ಚಿತ್ರಗಳು ರಾಯರ ಕಣ್ಣಿಗೆ ಬಿದ್ದವು. ರಾಯರು ಹಿಗ್ಗಿಹೋದರು. ಗದಗ ಇಂಗ್ಲಿಷರದು, ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು, ಮುಂಡರಗಿ ದಾಟಿದರೆ ನಿಜಾಮನದು. ಗಿಡಕ್ಕೆ ಈ ಗಡಿ ಗೊತ್ತೇ? ಒಂದು ಆಲ್ಬಮ್ ಮಾಡೋಣ, ನಾಡು ಒಂದಾಗುವ ದಿನ ಜನರ ಮುಂದೆ ಇಡೋಣ ಎಂದರು. ಒಳ್ಳೆಯ ಮಾತೇ. ಆ ದಿನ ಅವರು ಅದನ್ನು ಮನಸ್ಸಿನಿಂದಲೇ ಹೇಳಿದ್ದರು ಎಂದು ಮಾಸುಮಬಿ ಕಡೆಯವರೆಗೂ ನಂಬಿದ್ದಳು. ನಾನೂ ನಂಬುತ್ತೇನೆ. ಒಳ್ಳೆಯ ಮಾತು ಆಡುವುದು ಯಾವಾಗಲೂ ಸುಲಭ, ಅದರ ಬೆಲೆ ಕೇಳುವ ದಿನ ಇನ್ನೂ ಬಂದಿರುವುದಿಲ್ಲ.

ಆದರೆ ರಾಯರಿಗೆ ಒಂದು ತೊಡಕು ಕಂಡಿತು. ಅಂಟು ಹನಿಯ ಗಿಡದ ಚಿತ್ರ ಹಿಡಿದು ಕೇಳಿದರು: "ಇದು ಎಷ್ಟು ದೊಡ್ಡದದ?"

"ಉಗುರಿನಷ್ಟ ಐತ್ರಿ ಅಣ್ಣಾರ."

"ನೋಡಿದರ ರಾಕ್ಷಸಿ ಕೂದಲಾ ಬಿಚ್ಚಿ ನಿಂತಂಗ ಅದ ಅಲ್ಲವಾ," ಎಂದರು ವಿಮಲಾಬಾಯಿ. "ಎದೀ ಝಲ್ ಅಂತು."

"ಅದಕ್ಕ ಹೇಳತೀನಿ," ಎಂದರು ರಾಯರು. "ಅಳತಿ ತಿಳೀಬೇಕು. ಗಿಡದ ಬಾಜೂಕ ಒಂದು ರೂಪಾಯಿ ಇಟ್ಟು ತಗಿ."

ಮಾಸುಮಬಿ ತನ್ನ ಚೀಲದಿಂದ ಬ್ರಿಟಿಷರ ಕಲ್ದಾರ ರೂಪಾಯಿ ತೆಗೆದಳು. ರಾಯರು ಮುಖ ಸಿಂಡರಿಸಿದರು.

"ಛೇ ಛೇ! ನಮ್ಮ ನಾಡಿನ ಗಿಡದ ಬಾಜೂಕ ಆ ಇಂಗ್ರೇಜಿ ರಾಜಾನ ಮಾರಿ ಯಾಕ? ನಾಳೆ ಸ್ವರಾಜ್ಯ ಬಂದ ಮ್ಯಾಲೆ ಇದನ್ನ ಮಂದೀಗೆ ತೋರಸೋದು ಹ್ಯಾಂಗ?"

ದೇವರ ಕೋಣೆಗೆ ಹೋಗಿ ಒಂದು ಹಾಲಿ ರೂಪಾಯಿ ತಂದರು. ಹಾಲಿ ಎಂದರೆ ನಿಜಾಮನ ನಾಣ್ಯ, ಮೇಲೆ ಚಾರಮಿನಾರ. ಕೊಪ್ಪಳದ ಕಡೆಯ ಭಕ್ತರು ದೇವರಿಗೆ ಹಾಕಿದ್ದು. ಗಡಿ ಸೀಮೆ ನೋಡಿ, ಹಾಲಿಯೂ ಕಲ್ದಾರವೂ ಒಂದೇ ಸಂಚಿಯಲ್ಲಿ ಇರುತ್ತಿದ್ದ ಕಾಲ.

"ಇದರಾಗ ಯಾರ ಮಾರೀನೂ ಇಲ್ಲ, ಬರೇ ಕಟ್ಟಡ. ಇದನ್ನ ಇಡು," ಎಂದು ಆಕೆಯ ಸೆರಗಿಗೆ ಹಾಕಿದರು. ವಿಮಲಾಬಾಯಿ ಅಲ್ಲೇ ನಿಂತಿದ್ದರು. ರಾಜನ ಮುಖ ಬೇಡ ಎಂಬ ದೇಶಭಕ್ತಿ ಚಾರಮಿನಾರವನ್ನು ಕರೆತಂದಿತು. ಮುಂದಿನ ಎರಡು ಮಳೆಗಾಲ ಮಾಸುಮಬಿ ತೆಗೆದ ಪ್ರತಿ ಗಿಡದ ಪಕ್ಕದಲ್ಲೂ ಆ ರೂಪಾಯಿ ಇದೆ.

ಸ್ವರಾಜ್ಯ ಬಂತು. ನಿಜಾಮ ಮಾತ್ರ ಭಾರತಕ್ಕೆ ಸೇರಲು ಬರಲಿಲ್ಲ. ಮುಂಡರಗಿಯ ಆಚೆ ರಜಾಕಾರರ ಹಾವಳಿ ಎದ್ದಿತು. ಊರು ಸುಟ್ಟು, ಗಂಟುಮೂಟೆ ಹೊತ್ತು, ಗಡಿ ದಾಟಿ ಬಂದ ಸಂಸಾರಗಳಿಂದ ಮುಂಡರಗಿ, ಗದಗಿನ ಧರ್ಮಶಾಲೆಗಳು ತುಂಬಿದವು. ಅವರು ಕಂಡದ್ದು ಸುಳ್ಳಲ್ಲ, ಅವರ ಅಳು ನಾಟಕವಲ್ಲ. ಆದರೆ ರಜಾಕಾರರು ಇದ್ದದ್ದು ತುಂಗಭದ್ರೆಯ ಕಡೆ ಬಂದೂಕು ಹಿಡಿದುಕೊಂಡು. ಸಿಟ್ಟು ತೀರಿಸಿಕೊಳ್ಳಲು ಬೆಟಗೇರಿಯ ಬಡ ಸಾಬರ ಬಾಗಿಲು ಹತ್ತಿರವಿತ್ತು, ಮತ್ತು ಅದಕ್ಕೆ ಚಿಲಕ ಗಟ್ಟಿಯಿರಲಿಲ್ಲ.

ನಲವತ್ತೆಂಟರ ಶ್ರಾವಣದಲ್ಲಿ ಯಾರೋ ಏನೋ ಹೇಳಿದರೆಂದು ಠಾಣೆಯ ಫೌಜದಾರ ಗನಿಯ ಮನೆ ಜಡತಿ ಮಾಡಿದ, ಮೂಲೆಮೂಲೆ ಶೋಧಿಸಿದ. ಬಂದೂಕು ಸಿಗಲಿಲ್ಲ. ಒಳಕೋಣೆಯಲ್ಲಿ ಗಾಜಿನ ಪ್ಲೇಟುಗಳೂ ಚಿತ್ರಗಳೂ ಸಿಕ್ಕವು.

"ಇದೇನಲೇ?"

"ಗಿಡಾ ಸಾಹೇಬ್ರ."

"ಗಿಡಾ? ಗಿಡಕ್ಕ ಹಿಂಗ ಕೊಕ್ಕಿ ಇರತಾವೇನು? ಇದಕ್ಕ ನೋಡಿದರ ಹಲ್ಲು ಅದಾವ. ಯಾವ ಊರಾಗ ಐತಿ ಇಂಥಾ ಗಿಡಾ?"

"ಕಪ್ಪತಗುಡ್ಡದಾಗ ಸಾಹೇಬ್ರ."

"ಗುಡ್ಡದಾಗ!" ಫೌಜದಾರನ ಕಣ್ಣು ಅರಳಿದವು. ಗುಡ್ಡದ ಆಚೆ ಮುಂಡರಗಿ, ಅದರಾಚೆ ಗಡಿ. "ಮತ್ತ ಎಲ್ಲಾದರ ಬಾಜೂಕ ನಿಜಾಮನ ಠಸ್ಸೆ ಯಾಕೈತಿ? ಯಾರಿಗೆ ಗುರುತು ಇದು?"

ಗನಿಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಹೇಳಿದರೆ ರಾಯರ ಹೆಸರು ಬರುತ್ತದೆ. ದೊಡ್ಡ ಮನುಷ್ಯರು, ಅವರನ್ನು ಕೇಳದೆ ಠಾಣೆಗೆ ಎಳೆಯುವುದು ಹೇಗೆ ಎಂದು ತಡೆದ. ಅವರೇ ಬಂದು ಹೇಳುತ್ತಾರೆ ಎಂದುಕೊಂಡ. ನೋಡಿ, ಮರ್ಯಾದೆ ಎಂಬುದು ಬಡವರ ಮನೆಯಲ್ಲಿ ಎಷ್ಟು ದುಬಾರಿ ಸಾಮಾನು.

"ಯಾರು ತಗದದ್ದು?" ಎಂದ ಫೌಜದಾರ.

ಪರದೆಯ ಹಿಂದೆ ಮಾಸುಮಬಿ ಬಾಯಿ ತೆರೆದಳು. ಅದಕ್ಕೂ ಮೊದಲು ಗನಿ ಹೇಳಿಬಿಟ್ಟ: "ನಾನ ತಗದೇನ್ರಿ."

ಹೆಂಡತಿಯನ್ನು ಠಾಣೆಯ ಕಟ್ಟೆ ಹತ್ತಿಸಬಾರದೆಂದು ಆಡಿದ ಆ ಒಂದು ಮಾತು ಅವನ ಕೈಗೆ ಕೋಳವಾಯಿತು.

ಮಾಸುಮಬಿ ಓಡಿದ್ದು ರಾಯರ ಮನೆಗೆ, ಎಂದಿನ ಹಿತ್ತಲ ಬಾಗಿಲಿಗೆ. ವಿಮಲಾಬಾಯಿ ಆಕೆಯ ಬೊಗಸೆಗೆ ಮೇಲಿಂದ ನೀರು ಹುಯ್ದರು. ರಾಯರು ಪಡಸಾಲೆಯಲ್ಲಿ ನಿಂತೇ ಕೇಳಿದರು.

"ಅಣ್ಣಾರ, ನೀವು ಬಂದು ಒಂದ ಮಾತು ಹೇಳ್ರಿ. ರೂಪಾಯಿ ನಾನ ಕೊಟ್ಟಿದ್ದು, ಅಳತೀಗೆ ಇಡಾಕ ನಾನ ಹೇಳಿದ್ದು ಅಂತ. ಅಷ್ಟಾದರ ಬಿಡತಾರ."

"ಅಂಜಬ್ಯಾಡ ತಂಗಿ. ನಾಳೆ ಹೋಗತೀನಿ."

"ಖರೇನ್ರಿ?"

"ನಾ ಹೇಳಿದ ಮ್ಯಾಲೆ ಆತು."

ರಾಯರು ಹೋದರು, ಅದು ಸುಳ್ಳಲ್ಲ. ಹೋಗಿ ಏನು ಹೇಳಿದರೆಂಬುದಕ್ಕೆ ಸಾಕ್ಷಿ ಶಂಕ್ರೆವ್ವ. ಸುದ್ದಿ ಕೇಳಿ ಗುಡ್ಡದಿಂದ ಇಳಿದು, ಹಲ್ಲುಹಲ್ಲು ಕಾಂಡದ, ಹೆಣದ ವಾಸನೆಯ ಆ ಗಿಡವನ್ನೇ ಬೇರು ಸಮೇತ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು, ಗದಗಿನವರೆಗೆ ನಡೆದು ಬಂದಿದ್ದಳು. ಠಾಣೆಯ ಬಾಗಿಲಲ್ಲಿ ಅದನ್ನು ಬಿಚ್ಚಿ ಇಟ್ಟಳು.

"ಇದ ನೋಡ್ರಿ ಎಪ್ಪಾ ಆ ಫೋಟೋದಾಗಿನ ಗಿಡಾ. ನಾನ ಕಂಬಳಿ ಹಿಡದೇನಿ."

"ಏ, ಹೊರಗ ಒಗಿ ಅದನ್ನ, ನಾರತೈತಿ! ಗಿಡದ ಫೋಟೋ ಯಾರರ ತಗಸ್ತಾರೇನಬೇ? ಅದೇನು ರೊಕ್ಕ ಕೊಡತೈತೇನು?"

"ಹಂಗಾರ ಅಲ್ಲಿ ಕುಂತಾರಲ್ಲ ಮಾಸ್ತರ್ರು, ಅವರನ್ನ ಕೇಳ್ರಿ. ತಗಿ ಅಂತ ಹೇಳಿದವರ ಅವರು."

ರಾಯರು ಫೌಜದಾರನ ಎದುರು ಕುರ್ಚಿಯಲ್ಲಿದ್ದರು. ಅವತ್ತು ಠಾಣೆಯ ಹೊರಗೆ ಗಡಿಯಾಚೆಯಿಂದ ಬಂದವರ ಗುಂಪೂ ಇತ್ತು, ಊರಿನ ನಾಲ್ಕು ಮಂದಿ ಮುಖಂಡರೂ ಇದ್ದರು. ಫೌಜದಾರ ಮರ್ಯಾದೆಯಿಂದ ಕೇಳಿದ: "ಏನ್ರಿ ರಾಯರ, ಈ ಮನಶ್ಯಾನ ಸಂಬಂಧ ನಿಮಗೇನರ ಗೊತ್ತೈತೇನ್ರಿ?"

ರಾಯರು ಕಿಟಕಿಯ ಹೊರಗೆ ನೋಡಿದರು. "ನಮ್ಮ ಮನೀ ಹೆಣ್ಣಮಕ್ಕಳ ಫೋಟೋ ಇವರ ಮನಿಯಾಕಿ ತಗದಾಳ. ಅಷ್ಟ ಪರಿಚಯ. ಉಳದದ್ದು ನನಗ ತಿಳೀದು."

ಶಂಕ್ರೆವ್ವ ಅಲ್ಲಿಂದ ಸೀದಾ ಬೆಟಗೇರಿಗೆ ಬಂದು ಹೊಸ್ತಿಲ ಮೇಲೆ ಕುಸಿದು ಕೂತು ಹೇಳಿದಳು: "ಆ ಮಾಸ್ತರನ ನಾಲಿಗಿಗೆ ಲಕ್ವಾ ಹೊಡದಿತ್ತೇನ ಯವ್ವಾ? ಅಲ್ಲ, ಹೊಡದಿದ್ದರ ಅಷ್ಟು ಚಂದ ಮಾತಾಡಿದ್ನೇನು!"

ಮಾಸುಮಬಿ ಮತ್ತೆ ರಾಯರ ಮನೆಗೆ ಹೋದಳು. ಹಿತ್ತಲ ಬಾಗಿಲು ತೆರೆಯಲಿಲ್ಲ. ಒಳಗೆ ವಿಮಲಾಬಾಯಿಯ ಬಳೆಗಳ ಸಪ್ಪಳ ಮಾತ್ರ ಕೇಳಿಸಿತು, ಬಾಗಿಲ ತನಕ ಬಂದು, ಅಲ್ಲೇ ನಿಂತು, ತಿರುಗಿ ಹೋದದ್ದು.

ರಾಯರ ಪರ ವಾದ ಮಾಡುವವರು ನನಗೆ ಹೇಳಿದ್ದಾರೆ: ಕಾಲ ಹಾಗಿತ್ತು, ಆ ಗುಂಪಿನೆದುರು ನಿಜಾಮನ ನಾಣ್ಯ ನಂದೇ ಎಂದಿದ್ದರೆ ಅವರ ಗತಿ ಏನು? ಅಲ್ಲದೆ ಗನಿಯೇ ತಾನು ತೆಗೆದೆ ಎಂದು ಒಪ್ಪಿದ್ದನಲ್ಲ? ಇರಬಹುದು. ಅಂಜಿಕೆ ಯಾರಿಗಿಲ್ಲ? ಆದರೆ ಅಂಜಿದವನು ಆಮೇಲೆ ಏನು ಮಾಡಿದ ಎಂಬುದರ ಮೇಲೆ ನಾನು ಅವನನ್ನು ಅಳೆಯುತ್ತೇನೆ. ಅದನ್ನೂ ಕೇಳಿ.

ಹೈದರಾಬಾದು ಶರಣಾಯಿತು. ದಸರೆ ಕಳೆದ ಮೇಲೆ ಗನಿಯನ್ನು ಬಿಟ್ಟರು, ಸಾಬೀತಾಗಲಿಲ್ಲವೆಂದು. ತಪ್ಪಿಲ್ಲವೆಂದು ಯಾರೂ ಹೇಳಲಿಲ್ಲ. ಎರಡೂ ಒಂದೇ ಎಂದುಕೊಂಡವರು ಒಂದು ದಿನ ಒಳಗೆ ಇದ್ದು ಬರಬೇಕು. ಗನಿಯ ಎಡಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಮನೆಗೆ ಬಂದವನು ನೀರು ಕೇಳುವ ಮೊದಲು ಕೇಳಿದ್ದು: "ರಾಯರು ಠಾಣೇಕ ಬಂದಿದ್ದರೇನು?"

"ಬಂದಿದ್ದರು," ಎಂದಳು ಮಾಸುಮಬಿ. ಬಂದು ಏನೆಂದರು ಎಂಬುದನ್ನು ಹೇಳಲು ಬಾಯಿ ಬರಲಿಲ್ಲ.

"ನನಗ ಗೊತ್ತಿತ್ತು. ಆ ಗದ್ದಲದಾಗ ಅವರ ಮಾತು ಯಾರು ಕೇಳಬೇಕು?"

ಊರು ಅವನಿಗೆ ಒಂದು ಹೆಸರಿಟ್ಟಿತ್ತು: ರಜಾಕಾರ ಗನಿ. ಸ್ಟೇಶನ್ ರಸ್ತೆಯಲ್ಲಿ ಹೋದರೆ ಹಿಂದಿನಿಂದ ಕೂಗುವರು. ಸ್ಟುಡಿಯೋ ಮುಚ್ಚಿತು. ಮನೆಯಲ್ಲೇ ಕೂತು ದೇವರ ಪಟಗಳಿಗೆ ಕಟ್ಟು ಹಾಕಿಕೊಡುತ್ತಿದ್ದ. ಮಸೀದಿಗೆ ಹೋಗುವುದು ಕೂಡ ಹಿಂದಿನ ಸಂದಿಯಿಂದ. ಶೇರವಾನಿ ಪೆಟ್ಟಿಗೆ ಸೇರಿತು. ಹೆಂಗಸರು ಮಾತ್ರ ಮಾಸುಮಬಿಯನ್ನು ಫೋಟೋಕ್ಕೆ ಕರೆಯುವುದನ್ನು ಬಿಡಲಿಲ್ಲ. ಗಂಡ ರಜಾಕಾರನಾದರೂ ಹೆಂಡತಿ ಕನ್ಯೆಯನ್ನು ಬೆಳ್ಳಗೆ ಮಾಡುತ್ತಾಳಲ್ಲ!

ಮರುವರ್ಷ ಆಕೆ ಅಂಜುತ್ತ ಅಂಜುತ್ತ ಠಾಣೆಗೆ ಹೋಗಿ ಪ್ಲೇಟುಗಳನ್ನು ಕೇಳಿದಳು. ಕಾರಕೂನ ತಲೆಯೆತ್ತಿ ಹೇಳಿದ: "ಅವನ್ನ ವಾಸುದೇವರಾಯರು ಒಯ್ದರಲ್ಲ. ತಮ್ಮ ಶಾಸ್ತ್ರದ ಕೆಲಸದ್ದು, ತಮ್ಮ ಸ್ವಂತದ್ದು ಅಂತ ಹೇಳಿ ಬಿಡಿಸಿಕೊಂಡು ಹೋದರು."

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಆ ಚಿತ್ರಗಳು ತಮ್ಮ ಕೆಲಸದ್ದು ಎಂಬ ಮಾತು ಈ ಮನುಷ್ಯನ ಬಾಯಲ್ಲಿ ಇತ್ತು. ಅದೇ ಠಾಣೆಯಲ್ಲಿ, ಅದೇ ಕುರ್ಚಿಯಲ್ಲಿ ಕೂತು ಹೇಳಿದ. ಗಾಜು ಬಿಡಿಸಿಕೊಳ್ಳಲು ಹೇಳಿದ. ಮನುಷ್ಯನನ್ನು ಬಿಡಿಸಲು ಹೇಳಲಿಲ್ಲ.

ಮಾಸುಮಬಿ ಅದಕ್ಕೂ ಒಂದು ಅರ್ಥ ಕಟ್ಟಿಕೊಂಡಳು. ಠಾಣೆಯಲ್ಲಿ ಒಡೆದುಹೋಗಬಾರದೆಂದು ಅಣ್ಣಾರು ಕಾಪಾಡಿ ಇಟ್ಟಿದ್ದಾರೆ, ನಾಡು ಒಂದಾಗುವ ದಿನ ಎಲ್ಲರೆದುರು ತೆಗೆದು ನಿಜ ಹೇಳುತ್ತಾರೆ. ಗಂಡನಿಗೂ ಹಾಗೆಯೇ ಹೇಳಿದಳು. ಗನಿ ಆ ಮಾತನ್ನು ಹಿಡಿದುಕೊಂಡ. ಕಟ್ಟಿಗೆ ಕೊಯ್ಯುತ್ತ ನಡುನಡುವೆ ಕೇಳುವನು: "ಏಕೀಕರಣ ಯಾವಾಗಂತ? ಪೇಪರದಾಗ ಏನರ ಬಂದೈತೇನು?" ಕರ್ನಾಟಕ ಒಂದಾಗಲಿ ಎಂದು ಈ ಜಿಲ್ಲೆಯಲ್ಲಿ ಅವನಷ್ಟು ಹಂಬಲಿಸಿದವರು ಇನ್ನೊಬ್ಬರು ಇದ್ದರೆ ನನಗೆ ತೋರಿಸಿ.

ಐವತ್ತಾರರ ನವೆಂಬರಿನಲ್ಲಿ ಆ ದಿನ ಬಂತು. ಪೆಂಡಾಲು, ತೋರಣ, ಮೆರವಣಿಗೆ. ಪೆಂಡಾಲಿನ ಒಂದು ಬದಿಗೆ ಪ್ರದರ್ಶನ: ಕನ್ನಡ ನಾಡಿನ ವಿಸ್ಮಯ ಸಸ್ಯಗಳು, ಸಂಗ್ರಹ ಮತ್ತು ಛಾಯಾಚಿತ್ರ ವಾಸುದೇವರಾಯರು. ಜನ ಮುಗಿಬಿದ್ದಿದ್ದರು. ಮಾಸುಮಬಿ ಬುರ್ಖಾ ತೊಟ್ಟು ಹೆಂಗಸರ ಸಾಲಿನಲ್ಲಿ ನಿಂತು ತನ್ನ ಗಿಡಗಳನ್ನು ನೋಡಿದಳು. ಎಲ್ಲವೂ ಇದ್ದವು. ಪ್ರತಿ ಚಿತ್ರದ ಒಂದು ಅಂಚನ್ನು ಮಾತ್ರ ನೀಟಾಗಿ ಕತ್ತರಿಸಿದ್ದರು, ರೂಪಾಯಿ ಇರುವಷ್ಟು.

"ಅಯ್ಯ ನಮ್ಮವ್ವ, ದೆವ್ವ ಇದ್ದಂಗ ಅದಾವ!" ಎಂದಳು ಒಬ್ಬಳು.

"ರಾಯರದು ಎಂಥಾ ಧೈರ್ಯ ಅಂತೀನಿ, ಒಬ್ಬರ ಗುಡ್ಡಾ ಹೊಕ್ಕು ತಗದಾರ," ಎಂದಳು ಇನ್ನೊಬ್ಬಳು.

ರಾಯರು ಆಕೆಯನ್ನು ಗುರುತಿಸಿದರು, ಹೆಗಲಿನ ಬಾಗಿನಿಂದಲೋ ಏನೋ. ಹತ್ತಿರ ಬಂದು ದನಿ ತಗ್ಗಿಸಿದರು. "ತಂಗಿ, ಬಂದೀಯೇನು? ಛಲೋ ಆತು. ಆಗಿನ ಕಾಲ ಹಂಗಿತ್ತವಾ, ನನ್ನ ಮ್ಯಾಲೆ ಸಿಟ್ಟು ಇಟಗೋಬ್ಯಾಡ."

ಎಂಟು ವರ್ಷದ ಮೇಲೆ ಸಿಕ್ಕ ಮಾತು. ಆಕೆ ಜಗಳ ತೆಗೆಯಲಿಲ್ಲ.

"ಅಣ್ಣಾರ, ಚಿತ್ರ ನೀವ ಇಟಗೋರಿ. ನನ್ನ ಹೆಸರೂ ಬ್ಯಾಡ. ಇವತ್ತ ಭಾಷಣದಾಗ ಒಂದ ಮಾತು ಹೇಳ್ರಿ. ಗನಿ ಏನೂ ಮಾಡಿಲ್ಲ, ರೂಪಾಯಿ ನಾನ ಕೊಟ್ಟಿದ್ದೆ ಅಂತ. ಅವರು ಓಣ್ಯಾಗ ತಲಿ ಎತ್ತಿ ಅಡ್ಡಾಡಲಿ. ಮತ್ತೇನೂ ಕೇಳೂದಿಲ್ಲ."

"ಇವತ್ತ..." ರಾಯರು ವೇದಿಕೆಯ ಕಡೆ ನೋಡಿದರು. "ಆತು. ನೋಡತೀನಿ."

"ನೋಡತೀನಿ ಅಲ್ಲರಿ. ಹೇಳತೀನಿ ಅನ್ರಿ."

"ಹೇಳತೀನಿ ತಂಗಿ."

ರಾಯರು ವೇದಿಕೆ ಹತ್ತಿದರು. ಇಂಗ್ಲಿಷರ ಗಡಿ, ಸಂಸ್ಥಾನಿಕರ ಗಡಿ, ನಿಜಾಮನ ಗಡಿ ಎಲ್ಲ ಅಳಿಸಿದವು ಎಂದರು, ಚಪ್ಪಾಳೆ. ಗುಡ್ಡದ ಗಾಳಿ, ಕಲ್ಲು, ತಾವು ಪಟ್ಟ ಕಷ್ಟ, ಚಪ್ಪಾಳೆ. ಆಮೇಲೆ ಹೆಂಗಸರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ಮಾಸುಮಬಿ ಮುಖದ ಮೇಲಿನ ಪರದೆ ಎತ್ತಿದಳು.

"ಈ ಕಾರ್ಯದಲ್ಲಿ ನನಗೆ ಒಬ್ಬ ಮುಸಲ್ಮಾನ ಸಹೋದರಿಯೂ ಅಲ್ಪಸ್ವಲ್ಪ ನೆರವು ನೀಡಿದ್ದಾಳೆ. 'ಅಣ್ಣಾ, ಎಲ್ಲ ನೀವೇ ಇಟ್ಟುಕೊಳ್ಳಿ' ಎಂದು ಈಗ ತಾನೇ ಹೇಳಿದಳು. ಇದೇ ನಮ್ಮ ನಾಡಿನ ಐಕ್ಯ!"

ಅಂದಿನ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಮಾಸುಮಬಿಯ ಮುಂದಿನ ಸಾಲಿನಲ್ಲೇ ವಿಮಲಾಬಾಯಿ ಕೂತಿದ್ದರು. ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ನೋಡಿ, ಸೆರಗು ಸರಿಮಾಡಿಕೊಂಡು, ಉಳಿದವರ ಜೊತೆ ತಾವೂ ಕೈ ತಟ್ಟಿದರು.

ಮನೆಯಲ್ಲಿ ಗನಿ ಬಾಗಿಲಲ್ಲೇ ನಿಂತಿದ್ದ. ಮೆರವಣಿಗೆಯ ಬಾಜಾ ಕೇಳಿಸಿದಾಗಿನಿಂದ ಅಲ್ಲೇ ಇದ್ದನಂತೆ.

"ಹೇಳಿದರೇನು?"

ಮಾಸುಮಬಿ ಅವನ ಮುಖ ನೋಡಿದಳು. "ಹೇಳಿದರು," ಎಂದಳು. "ಎಲ್ಲಾರ ಮುಂದ."

ಗನಿ ಅಲ್ಲೇ ಕೂತು ಮಗುವಿನಂತೆ ಅತ್ತ.

ಮರುದಿನ ಬೆಳಿಗ್ಗೆ ಆಕೆ ಎದ್ದು ನೋಡಿದರೆ ಗಡ್ಡ ಬೋಳಿಸಿಕೊಂಡು, ಪೆಟ್ಟಿಗೆಯ ಶೇರವಾನಿ ತೆಗೆದು ಕೊಡವುತ್ತಿದ್ದ. "ರಾಯರ ಮನಿಗೆ ಹೋಗಿ ಬರತೇನಿ. ಬರೇಗೈಲೆ ಹೋಗೂದು ಚಂದ ಅಲ್ಲ, ಪೇಡೆ ತಗೊಂಡು ಹೋಗತೇನಿ."

"ಇವತ್ತ ಬ್ಯಾಡ್ರಿ. ಅವರಿಗೆ ದಣಿವಾಗಿರತೈತಿ."

"ಎಂಟು ವರ್ಷ ಆತು ಮಾಸುಮಾ. ಇನ್ನೂ ಇವತ್ತ ಬ್ಯಾಡ ಅಂದರ ಹೆಂಗ?"

ಸಂದಿ ಬಿಟ್ಟು ದೊಡ್ಡ ರಸ್ತೆಯಿಂದಲೇ ಹೋದ. ಆಕೆ ಒಳಗೆ ಕೂತು ಅವನ ಹೆಜ್ಜೆಗಾಗಿ ಕಿವಿಗೊಟ್ಟಳು. ರಾಯರು "ನಾ ಏನು ಹೇಳೀನಿ?" ಎಂದು ಒಂದು ಮಾತು ಕೇಳಿದರೆ ಸಾಕು, ಮನುಷ್ಯ ಅಲ್ಲೇ ಒಡೆದುಹೋಗುತ್ತಾನೆ. ಕೇಳಲಿ ಎಂದೂ ಒಮ್ಮೆ ಅನಿಸಿತಂತೆ. ಕೇಳಿದರೆ ಕನಿಷ್ಠ ಅದೊಂದು ನಿಜದ ಮಾತಾಗುತ್ತಿತ್ತು.

ಗನಿ ಬಂದ. ಪೇಡೆಯ ಪೊಟ್ಟಣ ಕೈಯಲ್ಲಿರಲಿಲ್ಲ.

"ಏನಂದ್ರು?"

"ಕಾಲಿಗೆ ಬಿದ್ದೆ. ಪಡಸಾಲಿ ತುಂಬ ಮಂದಿ ಇದ್ದರು. 'ನಿಮ್ಮ ಉಪಕಾರ ಮರಿಯೂದಿಲ್ಲ ಮಾಲಕ' ಅಂದೆ. ಒಮ್ಮೆ ಮಂದೀ ಕಡೆ ನೋಡಿದರು. ಆಮ್ಯಾಲೆ ಎಬ್ಬಿಸಿ, ಬೆನ್ನ ಮ್ಯಾಲೆ ಕೈ ಇಟ್ಟು, 'ಇರಲಿ ಗನಿ, ನನ್ನ ಕರ್ತವ್ಯ ನಾ ಮಾಡೀನಿ' ಅಂದರು. ಪೇಡೆ ಎಲ್ಲಾರಿಗೂ ಹಂಚಿಸಿದರು. ತಾವೂ ಒಂದು ಬಾಯಾಗ ಹಾಕ್ಕೊಂಡರು."